1843ರ ಗೋಡೆ

ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ, ಮಡಿಕೇರಿ ದಾಟಿ ಆನಂದಪುರ ನೋಡಿ ಬಂದ ಮೇಲೆ ನನಗೆ ಒಂದೇ ಗುಂಗು. ಪುತ್ತೂರು, ಸುಳ್ಯ, ಕಡಬಗಳಲ್ಲಿ ಮೂಲದಾಳುಗಳ, ಅಂದರೆ ತಲೆತಲಾಂತರದ ಜೀತದಾಳುಗಳ, ಚರಿತ್ರೆಯ ಪ್ರದರ್ಶನ ಆಗಬೇಕು, ಅದರಲ್ಲಿ ಚರ್ಚಿನ ಪಾಲಿನ ಲೆಕ್ಕವೂ ಇರಬೇಕು.

ಸಿದ್ದಾಪುರದ ಹತ್ತಿರ, ಕಾಫಿ ತೋಟಗಳ ನಡುವೆ ಈ ಆನಂದಪುರ ಕಟ್ಟಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, ನಮ್ಮ ‘ಮಂಗಳೂರ ಸಮಾಚಾರ’ ಪತ್ರಿಕೆಯ ಮೊಗ್ಲಿಂಗರೇ. 1850ರ ದಶಕದಲ್ಲಿ ತಲೆಮಾರುಗಳಿಂದ ಆಳಾಗಿದ್ದ ಹೊಲೆಯ ಕುಟುಂಬಗಳು ಅವರ ಬಳಿ ಬಂದವು. ಕೊಡಗಿನಲ್ಲಿ ಭೂಮಿ ಜಮ್ಮದ ಆಳು ಮಣ್ಣಿನ ಜೊತೆಗೇ ಕೈ ಬದಲಾಗುತ್ತಿದ್ದ. ಒಕ್ಕಲು ಜಮ್ಮದ ಆಳನ್ನು ಒಡೆಯ ಮಾರಲೂಬಹುದಿತ್ತು, ಅಡವಿಡಲೂಬಹುದಿತ್ತು. ಅಂಥವರು ಇಲ್ಲಿ ಕಾಡು ಕಡಿದರು, ಕಾಫಿ ನೆಟ್ಟರು, ಕ್ರೈಸ್ತರಾದರು. ಒಡೆಯನ ಗದ್ದೆ ಬಿಟ್ಟು ಬಂದವರಿಗೆ ಮಿಷನ್ನಿನ ತೋಟದಲ್ಲಿ ಎಷ್ಟು ಸ್ವಾತಂತ್ರ್ಯವಿತ್ತು? ಮೊಗ್ಲಿಂಗರ ಮೇಲೆ ನನಗೆ ತುಂಬ ಪ್ರೀತಿ. ಆದರೂ ಪ್ರದರ್ಶನ ಈ ಪ್ರಶ್ನೆಯನ್ನು ಬಿಡುವಂತಿಲ್ಲ.

ಇದು ಘಟ್ಟದ ಮೇಲಿನ ಕಥೆ ಮಾತ್ರವಲ್ಲ. ಘಟ್ಟದ ಕೆಳಗಿನ ನಮ್ಮ ಅಮರಸುಳ್ಯವೂ 1834ರವರೆಗೆ ಕೊಡಗಿನ ಅರಸರದು. ಅದು ಕೆನರಾ ಜಿಲ್ಲೆಗೆ ಸೇರಿದ ವರ್ಷವೇ, ಅಕ್ಟೋಬರ್ 30ರಂದು, ಬಾಸೆಲ್ ಮಿಷನ್ನಿನ ಪಾದ್ರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರು ಮುಟ್ಟಿದರು.

ಪ್ರದರ್ಶನದ ಒಂದು ಇಡೀ ಗೋಡೆಯನ್ನು ನಾನು 1843ಕ್ಕೇ ಕೊಡುತ್ತೇನೆ. ಆ ಏಪ್ರಿಲ್ 7ರಂದು ಈಸ್ಟ್ ಇಂಡಿಯಾ ಕಂಪನಿ ಸರಕಾರದ ಐದನೇ ಕಾಯ್ದೆ ಬಂತು: ಇನ್ನು ಮುಂದೆ ಗುಲಾಮನ ಮೇಲಿನ ಹಕ್ಕನ್ನು ಕೋರ್ಟು ಒಪ್ಪದು. ಕೊಂಡು ಮಾರುವುದು ಅಪರಾಧವಾಗಲು ಮಾತ್ರ 1860ರ ದಂಡಸಂಹಿತೆಯೇ ಬರಬೇಕಾಯಿತು. ಅದೇ ಏಪ್ರಿಲ್‌ನಲ್ಲಿ ಅದೇ ಬಾಸೆಲ್ ಮಿಷನ್ನಿನ ಆಂಡ್ರಿಯಾಸ್ ರೀಸ್, ಗುಲಾಮಗಿರಿ ರದ್ದಾಗಿದ್ದ ಜಮೈಕಾದಿಂದ ಕರಿಯ ಕ್ರೈಸ್ತ ಕುಟುಂಬಗಳನ್ನು ಹಡಗಿನಲ್ಲಿ ಈಗಿನ ಘಾನಾಕ್ಕೆ ಕರೆತಂದರು. ಅಕ್ರೊಪಾಂಗ್‌ನಲ್ಲಿ ಅವರು ನೆಲೆಯಾದರು. ಜುಲೈ 1ಕ್ಕೆ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ, ಮೊಗ್ಲಿಂಗರ ಆ ‘ಮಂಗಳೂರ ಸಮಾಚಾರ’! ನಾವು ಪ್ರತಿವರ್ಷ ಪತ್ರಿಕಾ ದಿನ ಆಚರಿಸುವುದು ಈ ಮೂರನೆಯದಕ್ಕೆ ಮಾತ್ರ. ಮೂರನ್ನೂ ಒಂದೇ ಗೋಡೆಯಲ್ಲಿ ನೋಡಬೇಕೆಂಬ ಆಸೆ ನನ್ನನ್ನು ಬಿಡುತ್ತಿಲ್ಲ. ಅದೇ ಗೋಡೆಗೆ ಇನ್ನೂ ಎರಡು ಸಂಗತಿ ಸೇರಬೇಕು. ಘಾನಾದಲ್ಲಿ ಮಿಷನ್ನಿನ ಕ್ರೈಸ್ತ ಸಭೆಯ ಸದಸ್ಯರೇ ಗುಲಾಮರನ್ನು ಇಟ್ಟುಕೊಂಡಿದ್ದರು. ಅವರನ್ನು ಬಿಡಿಸಲು ಮಿಷನ್ ಗಟ್ಟಿ ಮನಸ್ಸು ಮಾಡಿದ್ದು 1860ರ ದಶಕದಲ್ಲಿ. ಇನ್ನು, 1815ರಲ್ಲಿ ಮಿಷನ್ ಹುಟ್ಟಿದ ಬಾಸೆಲ್ ಪಟ್ಟಣದ ಬುರ್ಕ್‌ಹಾರ್ಟ್ ವ್ಯಾಪಾರಿ ಮನೆತನ ಗುಲಾಮರ ಹಡಗುಗಳಿಗೆ ಹಣ ಹೂಡಿತ್ತು.

ಲಂಡನ್ನಿನ ಲ್ಯಾಂಬೆತ್ ಅರಮನೆ ಗ್ರಂಥಾಲಯ 2023ರಲ್ಲಿ ಇಂಗ್ಲೆಂಡಿನ ಚರ್ಚಿಗೂ ಗುಲಾಮಗಿರಿಗೂ ಇದ್ದ ನಂಟನ್ನು ತನ್ನದೇ ಕಡತಗಳಿಂದ ತೆಗೆದು ಪ್ರದರ್ಶನಕ್ಕಿಟ್ಟಿತು. ನಮ್ಮಲ್ಲೂ ಆಗಲಿ, ಪುತ್ತೂರಿನಿಂದಲೇ ಶುರುವಾಗಲಿ. ವಿವರಣೆ ಕನ್ನಡದ ಜೊತೆ ತುಳು, ಅರೆಭಾಷೆಯಲ್ಲೂ ಇರಲಿ, ಕಡಬಕ್ಕೆ ಹೋದಾಗ ಮಲಯಾಳವೂ ಸೇರಲಿ. ಬಾಗಿಲಲ್ಲೇ ಪಾದ್ರಿಗಳ ದೊಡ್ಡ ಪಟ ಬೇಡ. ಮೊದಲ ಕೋಣೆಯಲ್ಲಿ ಏನಿರಬೇಕೆಂದು ಆ ಆಳುಗಳ ಮರಿಮಕ್ಕಳು ತೀರ್ಮಾನಿಸಲಿ. ಗುತ್ತು, ಬೀಡುಗಳ ಒಡೆಯರು ಅಟ್ಟದಲ್ಲಿರುವ ಹಳೆಯ ಮೂಲಗೇಣಿ (ಕಾಯಂ ಗೇಣಿ) ಪತ್ರಗಳನ್ನು ಇಳಿಸಿ ತಂದುಕೊಡಲಿ.