ಮೊಬೈಲ್ ಆ್ಯಪ್‌ನ ಪರದೆ ಕಟ್ಟುವುದನ್ನು ಕಲಿಸುವುದು: ಎರಡು ಅಭ್ಯಾಸ ಪಾಠಗಳ ಅನುಭವ

ಪೀಠಿಕೆ

ಪದವಿಯಲ್ಲಿ ಗಣಕ ವಿಜ್ಞಾನವನ್ನು ಒಂದು ವಿಷಯವಾಗಿ ಓದಿದ್ದರಿಂದ, ಬೋಧನಾಭ್ಯಾಸದ ಅವಧಿಯಲ್ಲಿ ಗಣಿತ ಮತ್ತು ವಿಜ್ಞಾನ ಪಾಠಗಳ ಜೊತೆಗೆ ಒಂದು ಪೂರಕ ಪಾಠವಾಗಿ ಮೊಬೈಲ್ ಆ್ಯಪ್‌ನ ಪರದೆ ಕಟ್ಟುವ ಮೂಲಾಂಶಗಳನ್ನು ತೆಗೆದುಕೊಂಡೆ. ಮೊದಲ ಹಂತದಲ್ಲಿ ಗುಬ್ಬಿಯ ಪ್ರೌಢಶಾಲೆಯೊಂದರಲ್ಲಿ, ಎರಡನೇ ಹಂತದಲ್ಲಿ ಕುಣಿಗಲ್‌ನ ಪ್ರೌಢಶಾಲೆಯೊಂದರಲ್ಲಿ, ಎರಡೂ ಕಡೆ ಒಂಬತ್ತನೇ ತರಗತಿಗೆ. ಗುಬ್ಬಿಯ ಪಾಠ ಯೋಜನೆಯಂತೆಯೇ ನಡೆಯಿತು, ಆದರೆ ಸೋತಿತು. ಕುಣಿಗಲ್‌ನ ಪಾಠ ಯೋಜನೆಯ ಪ್ರಕಾರ ಮುಗಿಯಲೇ ಇಲ್ಲ, ಆದರೆ ಮಕ್ಕಳು ಕಲಿತರು. ಈ ವ್ಯತ್ಯಾಸಕ್ಕೆ ಕಾರಣವೇನೆಂದು ವಿವರಿಸುವುದೇ ಈ ಲೇಖನದ ಉದ್ದೇಶ.

ಒಂದೇ ಬರವಣಿಗೆ, ಎರಡು ಬಗೆಯ ಫೋನು

ಆಂಡ್ರಾಯ್ಡ್ ಫೋನಿಗೆ ಆ್ಯಪ್ ಬರೆಯಲು ಸಾಮಾನ್ಯವಾಗಿ ಕಾಟ್ಲಿನ್ ಅಥವಾ ಜಾವಾ ಭಾಷೆ ಬೇಕು, ಐಫೋನಿಗೆ ಸ್ವಿಫ್ಟ್. ಒಂದೇ ಆ್ಯಪನ್ನು ಎರಡು ಸಲ ಬರೆಯಬೇಕಾಗುತ್ತದೆ. ಈ ದುಪ್ಪಟ್ಟು ಕೆಲಸ ತಪ್ಪಿಸಲು ಬಂದ ಸಾಧನಗಳಲ್ಲಿ ಎರಡು ಹೆಚ್ಚು ಬಳಕೆಯಲ್ಲಿವೆ: ಫೇಸ್‌ಬುಕ್ 2015ರಲ್ಲಿ ಹೊರತಂದ ರಿಯಾಕ್ಟ್ ನೇಟಿವ್ ಮತ್ತು ಗೂಗಲ್‌ನ ಫ್ಲಟರ್. ಫ್ಲಟರ್‌ನ ಮೊದಲ ಸ್ಥಿರ ಆವೃತ್ತಿ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಅದರ ಭಾಷೆ ಡಾರ್ಟ್.

ಇವೆರಡರ ವ್ಯತ್ಯಾಸ ಹೇಳಲು ಗುಬ್ಬಿಯ ನೆಲದಲ್ಲೇ ಒಂದು ಉದಾಹರಣೆ ಇದೆ. 1884ರಲ್ಲಿ ಆರಂಭವಾಗಿ, ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಹೆಸರಾದ ಗುಬ್ಬಿ ನಾಟಕ ಕಂಪನಿಯನ್ನು ನೆನೆಯಿರಿ. ಅಂಥ ಕಂಪನಿ ಊರೂರಿಗೆ ಹೋಗುವಾಗ ತನ್ನ ಪರದೆ, ಸೀನರಿ, ಉಡುಪು ಎಲ್ಲವನ್ನೂ ಹೊತ್ತೇ ಹೋಗುತ್ತದೆ. ಯಾವ ಊರಿನಲ್ಲಿ ನೋಡಿದರೂ ರಂಗ ಒಂದೇ ರೀತಿ ಕಾಣುತ್ತದೆ. ಫ್ಲಟರ್ ಹೀಗೆ: ಗುಂಡಿ, ಅಕ್ಷರ, ಬಣ್ಣ ಎಲ್ಲವನ್ನೂ ತಾನೇ ಪರದೆಯ ಮೇಲೆ ಬಿಡಿಸುತ್ತದೆ. ಶಾಲಾ ವಾರ್ಷಿಕೋತ್ಸವಕ್ಕೆ ಬರುವ ತಂಡವಾದರೆ ಅಲ್ಲಿನ ವೇದಿಕೆ, ಅಲ್ಲಿನ ಪರದೆಯನ್ನೇ ಬಳಸುತ್ತದೆ. ರಿಯಾಕ್ಟ್ ನೇಟಿವ್ ಹೀಗೆ: ಆಯಾ ಫೋನಿನಲ್ಲಿ ಇರುವ ಗುಂಡಿಗಳನ್ನೇ ಕೇಳಿ ಪಡೆಯುತ್ತದೆ.

ಗುಬ್ಬಿಯಲ್ಲಿ ಆದದ್ದು

ಈ ಉದಾಹರಣೆ ನನಗೆ ಹೊಳೆದದ್ದು ಪಾಠ ಮುಗಿದ ಮೇಲೆ, ವಾಪಸು ತುಮಕೂರಿಗೆ ಬರುವ ಬಸ್ಸಿನಲ್ಲಿ. ತರಗತಿಯಲ್ಲಿ ನಾನು ವ್ಯಾಖ್ಯೆಯಿಂದ ಆರಂಭಿಸಿದ್ದೆ. ಕಪ್ಪುಹಲಗೆಯ ತುಂಬ ಕೋಡ್ ಬರೆದೆ. ಮಕ್ಕಳು ಚಾಚೂ ತಪ್ಪದೆ ನಕಲು ಮಾಡಿಕೊಂಡರು. 'ವಿಜೆಟ್ ಎಂದರೇನು?' ಎಂದು ಕೇಳಿದಾಗ ಇಡೀ ತರಗತಿ ಒಂದೇ ದನಿಯಲ್ಲಿ ವ್ಯಾಖ್ಯೆ ಒಪ್ಪಿಸಿತು. ಕೊನೆಯ ಐದು ನಿಮಿಷದಲ್ಲಿ ನನ್ನ ಫೋನನ್ನು ಎತ್ತಿ ಹಿಡಿದು, 'ಇದರಲ್ಲಿ ಒಂದು ವಿಜೆಟ್ ತೋರಿಸಿ' ಎಂದೆ. ಒಬ್ಬರೂ ಕೈ ಎತ್ತಲಿಲ್ಲ. ಮೌಲ್ಯಮಾಪನದ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಬಂದಿತ್ತು. ಕಲಿಕೆ ಮಾತ್ರ ಆಗಿರಲಿಲ್ಲ.

ಕುಣಿಗಲ್: ಬೆಂಚಿನಿಂದ ಆರಂಭ

ಎರಡನೇ ಸಲ ಕೋಡ್ ಬಿಟ್ಟು ಡ್ರಾಯಿಂಗ್ ಹಾಳೆ, ಕತ್ತರಿ, ಅಂಟು ತೆಗೆದುಕೊಂಡು ಹೋದೆ. ತುಮಕೂರು ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಫೋನಿನಲ್ಲಿ ತೋರಿಸುವ ಪರದೆ ಮಾಡುವುದು ಚಟುವಟಿಕೆ. ಕಣ್ಣಿಗೆ ಕಾಣುವ ಪ್ರತಿ ತುಂಡನ್ನೂ ಮಕ್ಕಳು ಕತ್ತರಿಸಿ ಹೆಸರಿಟ್ಟರು. ಬರಹದ ತುಂಡು ಟೆಕ್ಸ್ಟ್. ಬಸ್ಸಿನ ಚಿತ್ರ ಐಕಾನ್. ಪಕ್ಕಪಕ್ಕ ಜೋಡಿಸುವ ಪಟ್ಟಿ ರೋ. ಮೇಲೆಕೆಳಗೆ ಜೋಡಿಸುವ ಪಟ್ಟಿ ಕಾಲಮ್. ಕೊನೆಗೆ ಪರದೆ ಹೀಗಾಯಿತು:

ಕಾಲಮ್
– ಟೆಕ್ಸ್ಟ್: ತುಮಕೂರು ಬಸ್ ನಿಲ್ದಾಣ
– ರೋ: ಐಕಾನ್, ಟೆಕ್ಸ್ಟ್ (ಊರು), ಟೆಕ್ಸ್ಟ್ (ಸಮಯ)
– ರೋ: ಐಕಾನ್, ಟೆಕ್ಸ್ಟ್ (ಊರು), ಟೆಕ್ಸ್ಟ್ (ಸಮಯ)

ಜೋಡಿಸುವ ಪಟ್ಟಿಯೂ ಒಂದು ವಿಜೆಟ್ಟೇ, ಒಂದರೊಳಗೆ ಇನ್ನೊಂದು ಕೂರುತ್ತದೆ ಎಂಬುದನ್ನು ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ. ಅಂಟು ಹಚ್ಚಿದ ಕೈಗೆ ಅದು ಗೊತ್ತಾಗಿತ್ತು.

ಕಲಿಯುವವರು ಹೆಚ್ಚು ಎಡವುವುದು ಅಳತೆಯಲ್ಲಿ. ಫ್ಲಟರ್‌ನ ನಿಯಮ ಮೂರು ಮಾತಿನದು: ಮಿತಿಯನ್ನು ಹೊರಗಿನ ವಿಜೆಟ್ ಹೇಳುತ್ತದೆ, ಆ ಮಿತಿಯೊಳಗೆ ತನ್ನ ಅಳತೆಯನ್ನು ಒಳಗಿನದು ಹೇಳುತ್ತದೆ, ಎಲ್ಲಿ ಕೂರಬೇಕೆಂಬುದನ್ನು ಮತ್ತೆ ಹೊರಗಿನದೇ ನಿರ್ಧರಿಸುತ್ತದೆ. ಇದಕ್ಕೆ ತರಗತಿಯ ಬೆಂಚನ್ನೇ ಬಳಸಿದೆ. ಮೂವರು ಕೂರುವ ಬೆಂಚಿಗೆ ನಾಲ್ಕನೆಯವನನ್ನು ಕರೆದೆ. ತುದಿಯವನು ಅರ್ಧ ಹೊರಗೆ. ರೋ ಒಳಗಿನ ಟೆಕ್ಸ್ಟ್ ಉದ್ದವಾದಾಗ ಆಗುವುದೂ ಇದೇ. ರೋ ಮೊದಲು ಪ್ರತಿಯೊಬ್ಬರಿಗೂ 'ನಿನಗೆ ಎಷ್ಟು ಬೇಕೋ ಅಷ್ಟು ಅಗಲ ತೆಗೆದುಕೋ' ಎನ್ನುತ್ತದೆ. 'ಗುಬ್ಬಿ, ನಿಟ್ಟೂರು ಮಾರ್ಗವಾಗಿ ತಿಪಟೂರು' ಎಂಬ ಸಾಲು ಅಂಚು ದಾಟಿದರೆ, ತಯಾರಿಕೆಯ ಹಂತದಲ್ಲಿ ಹಳದಿ-ಕಪ್ಪು ಪಟ್ಟೆಯ ಎಚ್ಚರಿಕೆ ಕಾಣಿಸುತ್ತದೆ. ಪರಿಹಾರ ಎಕ್ಸ್‌ಪ್ಯಾಂಡೆಡ್ ಎಂಬ ವಿಜೆಟ್. ಊರಿನ ಹೆಸರನ್ನು ಅದರೊಳಗೆ ಇಟ್ಟರೆ, ಐಕಾನ್ ಮತ್ತು ಸಮಯ ತಮ್ಮ ಜಾಗ ತೆಗೆದುಕೊಂಡ ಮೇಲೆ ಉಳಿದದ್ದಷ್ಟೇ ಅದಕ್ಕೆ. ಸಾಲದಿದ್ದರೆ ಬರಹ ಎರಡನೇ ಸಾಲಿಗೆ ಇಳಿಯುತ್ತದೆ.

ಒಂದು ಪ್ರಶ್ನೆ

ಇಷ್ಟಾಗುವಷ್ಟರಲ್ಲಿ 25 ನಿಮಿಷ ಕಳೆದಿತ್ತು. ಇದೇ ಪರದೆಯನ್ನು ಮನೆಯಲ್ಲಿ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿ ನನ್ನ ಫೋನಿಗೆ ಹಾಕಿಕೊಂಡಿದ್ದೆ. ಅದನ್ನು ತೋರಿಸಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, 'ಮಿಸ್, ನಮ್ಮಜ್ಜಿ ಫೋನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದೀವಿ. ಅದರಲ್ಲಿ ಇದು ಹೆಂಗೆ ಕಾಣ್ಸುತ್ತೆ?' ಎಂದಳು.

ನಾನು ಪರೀಕ್ಷಿಸಿ ನೋಡಿರಲಿಲ್ಲ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರವನ್ನು ಗರಿಷ್ಠಕ್ಕೆ ಏರಿಸಿ ಆ್ಯಪ್ ತೆರೆದೆ. ಅಂದವಾಗಿ ಕಾಣಲೆಂದು ಪ್ರತಿ ಬರಹದ ಪೆಟ್ಟಿಗೆಗೂ ನಿಗದಿತ ಎತ್ತರ ಕೊಟ್ಟಿದ್ದೆ. ಅಕ್ಷರ ಬೆಳೆಯಿತು, ಪೆಟ್ಟಿಗೆ ಬೆಳೆಯಲಿಲ್ಲ. ಬರಹದ ತಳ ಕತ್ತರಿಸಿಹೋಯಿತು. ಕನ್ನಡದ ಒತ್ತಕ್ಷರ ಇರುವುದೇ ತಳದಲ್ಲಿ. 'ಗುಬ್ಬಿ' ಎಂದಿದ್ದದ್ದು 'ಗುಬಿ' ಆಯಿತು. ತರಗತಿ ಘೊಳ್ಳೆಂದು ನಕ್ಕಿತು. ಪ್ರಶ್ನೆ ಕೇಳಿದ ಹುಡುಗಿ ನಗಲಿಲ್ಲ. 'ಹಂಗಾದ್ರೆ ಅಜ್ಜಿಗೆ ಓದಕ್ಕಾಗಲ್ಲ' ಎಂದಳು.

ನನ್ನ ಯೋಜನೆಯಲ್ಲಿ ಇನ್ನೂ 'ಸ್ಥಿತಿ' ಎಂಬ ಪರಿಕಲ್ಪನೆ, ಮೌಲ್ಯಮಾಪನ, ಮನೆಗೆಲಸ ಉಳಿದಿದ್ದವು. ಹಿಂದೆ ಕುಳಿತು ವೀಕ್ಷಣಾ ಹಾಳೆ ತುಂಬುತ್ತಿದ್ದ ಬೋಧಕರತ್ತ ಒಮ್ಮೆ ನೋಡಿ, ಯೋಜನೆಯನ್ನು ಅಲ್ಲಿಗೇ ನಿಲ್ಲಿಸಿದೆ. ಉಳಿದ ಸಮಯವೆಲ್ಲ ಅಜ್ಜಿಯ ಫೋನಿಗೆ ಹೋಯಿತು. ಮಕ್ಕಳು ಕಾಗದದ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರ ಬರೆದು ನೋಡಿ, ಎತ್ತರವನ್ನು ನಿಗದಿ ಮಾಡಬಾರದು, ಅಕ್ಷರದ ಸುತ್ತ ಅಂಚಿನ ಜಾಗ ಮಾತ್ರ ಬಿಡಬೇಕು ಎಂದು ತಾವೇ ಹೇಳಿದರು. ಅದನ್ನೇ ಪ್ಯಾಡಿಂಗ್ ಎನ್ನುತ್ತಾರೆ ಎಂಬ ಹೆಸರನ್ನಷ್ಟೇ ನಾನು ಸೇರಿಸಿದೆ.

ಮರುದಿನ: ಹಾಜರಾತಿ ಫಲಕ

ಉಳಿದ ಭಾಗಕ್ಕೆ ಮರುದಿನ ಒಂದು ಅವಧಿ ಕೇಳಿ ಪಡೆದೆ. ಗುಂಡಿ ಒತ್ತಿದಾಗ ಬದಲಾಗುವ ಮಾಹಿತಿಯೇ ಸ್ಥಿತಿ. ಇಲ್ಲಿ ಸಾಮಾನ್ಯ ತಪ್ಪೊಂದಿದೆ: ಕೋಡ್‌ನಲ್ಲಿ ಎಣಿಕೆ ಹೆಚ್ಚಿರುತ್ತದೆ, ಪರದೆಯಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ. ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗಿನ ಹಾಜರಾತಿ ಫಲಕವನ್ನು ತೋರಿಸಿದೆ. ತಡವಾಗಿ ಬಂದ ಇಬ್ಬರ ಹಾಜರಿಯನ್ನು ಪುಸ್ತಕದಲ್ಲಿ ಹಾಕಿದರೂ, ಯಾರಾದರೂ ಹೋಗಿ ಅಳಿಸಿ ಬರೆಯುವವರೆಗೆ ಫಲಕದಲ್ಲಿ ಹಳೆಯ ಸಂಖ್ಯೆಯೇ. 'ಹೋಗಿ ಹೊಸದಾಗಿ ಬರೆ' ಎಂದು ಹೇಳುವ ಆಜ್ಞೆಯೇ ಸೆಟ್‌ಸ್ಟೇಟ್. ಇದನ್ನು ಕರೆದಾಗ ಫ್ಲಟರ್ ಆ ವಿಜೆಟನ್ನು ಹೊಸ ಮಾಹಿತಿಯೊಂದಿಗೆ ಮತ್ತೆ ಕಟ್ಟುತ್ತದೆ.

ಆಮೇಲೆಯೇ ಗಣಕ ಕೊಠಡಿಗೆ ಹೋದದ್ದು. ಹಳೆಯ ಗಣಕಗಳಲ್ಲಿ ಫ್ಲಟರ್ ಅನುಸ್ಥಾಪಿಸುವುದು ಕಷ್ಟ. ಅಂತರ್ಜಾಲವಿದ್ದರೆ ಬ್ರೌಸರ್‌ನಲ್ಲೇ ನಡೆಯುವ ಡಾರ್ಟ್‌ಪ್ಯಾಡ್ ಸಾಕು. ಅದರಲ್ಲಿ ಕನ್ನಡ ಬರಹ ಮೊದಲ ಕ್ಷಣ ಖಾಲಿ ಚೌಕಗಳಾಗಿ ಕಂಡು, ಫಾಂಟ್ ಇಳಿದ ಮೇಲೆ ಸರಿಹೋಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳು ತಮ್ಮದೇ ತಪ್ಪೆಂದು ಅಳಿಸಿಬಿಡುತ್ತಾರೆ.

ಸಹಪಾಠಿಗಳಿಗೆ ಎರಡು ಮಾತು

ಈ ವಿಷಯವನ್ನು ಬೋಧಿಸುವವರು ಮೊದಲ ಅವಧಿಯನ್ನು ಕಾಗದಕ್ಕೇ ಮೀಸಲಿಡಿ. ಮಕ್ಕಳ ಕೈಯಲ್ಲಿ ಫೋನ್ ಇಲ್ಲದಿದ್ದರೂ ಪರದೆಯ ಮುಕ್ಕಾಲು ಪಾಠ ನಡೆಯುತ್ತದೆ. ಉದಾಹರಣೆಯ ಪದಗಳಲ್ಲಿ ಒತ್ತಕ್ಷರವಿರುವ ಊರ ಹೆಸರು ಒಂದಾದರೂ ಇರಲಿ; ಮಾಡಿದ ಪರದೆಯನ್ನು ದೊಡ್ಡ ಅಕ್ಷರದಲ್ಲಿ ಒಮ್ಮೆ ತೆರೆದು ನೋಡಿಯೇ ತರಗತಿಗೆ ಹೋಗಿ.

ಕುಣಿಗಲ್‌ನ ಮೊದಲ ದಿನದ ವೀಕ್ಷಣಾ ಹಾಳೆಯಲ್ಲಿ 'ಸಮಯ ನಿರ್ವಹಣೆ' ಎಂಬಲ್ಲಿ ನನಗೆ ಕಡಿಮೆ ಅಂಕ ಬಂತು. ಅದು ನ್ಯಾಯವೇ, ಪಾಠ ಮುಗಿದಿರಲಿಲ್ಲ. ಈಗ ಪಾಠಯೋಜನೆ ಬರೆಯುವಾಗ ಕೊನೆಯ ಎಂಟು ನಿಮಿಷವನ್ನು ಮಕ್ಕಳ ಪ್ರಶ್ನೆಗೆಂದು ಖಾಲಿ ಬಿಡುತ್ತಿದ್ದೇನೆ.