ಹೊಲಕ್ಕ ಕಬ್ಬ ಹಚ್ಚೂದೋ, ಗಿಡ ಹಚ್ಚೂದೋ?

ಚಿಕ್ಕೋಡಿಯಿಂದ ರಾಯಬಾಗ, ಕಾಗವಾಡ, ಅಥಣಿ ಕಡೆಗೆ ಬಸ್ಸಿನಲ್ಲಿ ಹೊರಟವರು ಕಿಟಕಿಯಾಚೆ ಒಮ್ಮೆ ನೋಡಿರಿ. ಕೃಷ್ಣೆಯ ದಂಡೆಗುಂಟ ಕಬ್ಬೇ ಕಬ್ಬು. ನಡುವೆ ಅಲ್ಲೊಂದು ಇಲ್ಲೊಂದು ಪಟ್ಟಿಯಲ್ಲಿ ಮಾತ್ರ ಹೆಬ್ಬೇವು, ಸಾಗವಾನಿ, ಶ್ರೀಗಂಧ. ‘ಗಿಡ ಹಚ್ಚಿ ಲಕ್ಷಾಧೀಶರಾಗಿರಿ’ ಎಂದು ಹೇಳುವವರು ಬಹಳ. ಹಾಗಿದ್ದರೆ ನಮ್ಮ ರೈತ ಯಾಕೆ ಹಚ್ಚವಲ್ಲ?

ಮೊದಲ ಕಾರಣ ರೊಕ್ಕದ ಪಾಳಿ. ಕಬ್ಬು ವರ್ಷ, ಒಂದೂವರೆ ವರ್ಷಕ್ಕೆ ಕಾರಖಾನೆಗೆ ಹೋಗುತ್ತದೆ. 14 ದಿನದೊಳಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಇದೆ. ತಡವಾದರೂ ಬಿಲ್ಲು ಬಂದೀತೆಂಬ ನಂಬಿಕೆಯ ಮೇಲೆ ಸೊಸೈಟಿ ಸಾಲ ಕೊಡುತ್ತದೆ, ಅಂಗಡಿಕಾರರು ಉದ್ರಿ ಕೊಡುತ್ತಾರೆ. ಹೆಬ್ಬೇವಿಗೆ ಆರೆಂಟು ವರ್ಷ ಬೇಕು. ಶ್ರೀಗಂಧಕ್ಕೆ ಹದಿನೈದರ ಮೇಲೆ, ಸಾಗವಾನಿಗೆ ಇಪ್ಪತ್ತರ ಮೇಲೆ. ‘ಅಲ್ಲೀತನಕ ಹುಡುಗರ ಫೀ ಯಾರ್ ತುಂಬ್ತಾರ್ರೀ?’ ಎಂದರೆ ಉತ್ತರವಿಲ್ಲ.

ಎರಡನೆಯದು ನೀರು ಮತ್ತು ಆಳು. ನೀರಿದ್ದವರು ಕಬ್ಬು ಬಿಡುವುದಿಲ್ಲ. ಅಥಣಿಯ ಒಣ ಮಡ್ಡಿಯಲ್ಲಿ ಆಳು ಸಿಗದವರು, ನೌಕರಿಗೆಂದು ಊರು ಬಿಟ್ಟವರು ಗಿಡದ ಕಡೆ ನೋಡುತ್ತಾರೆ. ಅಲ್ಲಿಯೂ ಮೊದಲ ಎರಡು ಬ್ಯಾಸಗಿ ನೀರು ಹಾಕಿ, ಆಡು-ದನ ಕಾಯದಿದ್ದರೆ ಸಸಿ ಉಳಿಯದು. ಲಾವಣಿ ಹಿಡಿದವನಂತೂ ಗಿಡ ಹಚ್ಚಲಾರ. ಅಣ್ಣತಮ್ಮಂದಿರ ಹಿಸ್ಸೆ ಆಗದ ಹೊಲದಲ್ಲಿಯೂ ಅದೇ ಪಾಡು.

ಮೂರನೆಯದು ಕಾಯಿದೆ, ದರ. 2001ರ ತಿದ್ದುಪಡಿಯಿಂದ ಶ್ರೀಗಂಧ ಬೆಳೆದವನದೇ ಆಯಿತು. ಕಳ್ಳರ ಅಂಜಿಕೆ ಮಾತ್ರ ಹೋಗಿಲ್ಲ. ಕಬ್ಬಿಗೆ ಸರ್ಕಾರ ಗೊತ್ತುಮಾಡಿದ ದರವಿದೆ, ಹೆಬ್ಬೇವಿಗಿಲ್ಲ. ಖರೀದಿದಾರ ಹೇಳಿದ್ದೇ ದರವಾದರೆ ಏನಾಗುತ್ತದೆಂದು ನಿಪ್ಪಾಣಿಯವರಿಗೆ ಹೇಳಬೇಕಿಲ್ಲ. ತಂಬಾಕಿನ ದರಕ್ಕಾಗಿ 1981ರಲ್ಲಿ ರೈತರು ಹೆದ್ದಾರಿಯ ಮೇಲೇ ಕುಳಿತರು, ಗೋಲಿಬಾರಿನಲ್ಲಿ ಜೀವಗಳು ಹೋದವು. ತಂಬಾಕು ಬ್ಯಾಡಾದರೆ ಮರುವರ್ಷ ಬೇರೆ ಬೆಳೆ ಬಿತ್ತಬಹುದು. ಐದು ವರ್ಷದ ಗಿಡವನ್ನು ಏನು ಮಾಡುವುದು?

ಹೀಗಾಗಿ ತುಂಬು ಹೊಲಕ್ಕೆ ಗಿಡ ಹಚ್ಚುವವರು ಬೇರೆ ಆದಾಯ ಇದ್ದವರು. ಎರಡೆಕರೆಯವನಿಗೆ ಸದ್ಯಕ್ಕೆ ಬದುವೇ ಸರಿಯಾದ ಜಾಗ. ನೆರಳು ಬೆಳೆಗೆ ಬೀಳದಂತೆ, ಬಾಜೂ ಹೊಲದವನ ತಕರಾರು ಬಾರದಂತೆ ಹಚ್ಚಬೇಕು. ಉಳಿದ ಸಸಿಯೊಂದಕ್ಕೆ ಇಷ್ಟೆಂದು ಮೂರು ವರ್ಷ ರೊಕ್ಕ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011ರಲ್ಲೇ ಬಂದಿದೆ. ಸಸಿ ಒಯ್ಯುವ ಮುಂಚೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಉತಾರ ಹಿಡಿದು ಹೋಗಿ ಹೆಸರು ಹಚ್ಚಿಸಿರಿ. ಮೂರು ವರ್ಷದ ಆಚೆಗಿನ ಖರ್ಚು, ಮರ ಕೊಳ್ಳುವವರಾರು, ಯಾವ ದರಕ್ಕೆ ಎಂಬುದನ್ನು ಮಾತ್ರ ಗಿಡ ಹಚ್ಚಿರೆನ್ನುವವರನ್ನೇ ಕೇಳಬೇಕು. ಅಂಗಡಿಯ ಉದ್ರಿ ಪುಸ್ತಕ ಹದಿನೈದು ವರ್ಷ ಕಾಯುವುದಿಲ್ಲ.