ಮುಳ್ಳು ನಟ್ಟೆಡೆಗೆ ಬಿಳಿಯ ಕಣಗಳ ಪಯಣ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕುರಿ ಕಾಯುವವರ ಕಾಲಿಗೆ ಜಾಲಿಯ ಮುಳ್ಳು ಹೊಸತಲ್ಲ. ಮುಳ್ಳು ನಟ್ಟ ಜಾಗ ಕೆಂಪಾಗಿ ಬಾತು, ಒಂದೆರಡು ದಿನಗಳಲ್ಲಿ ಕೀವು ಕಟ್ಟುತ್ತದೆ. ಆ ಕೀವಿನ ಬಹುಪಾಲು, ಹೋರಾಡಿ ಸತ್ತ ಬಿಳಿಯ ರಕ್ತಕಣಗಳೇ. ರಕ್ತದಲ್ಲಿ ತೇಲುತ್ತಿದ್ದ ಇವಕ್ಕೆ ಅಂಗಾಲಿನ ಸುದ್ದಿ ಮುಟ್ಟಿದುದು ಹೇಗೆ?

1882ರಲ್ಲಿ ಸಿಸಿಲಿಯ ಮೆಸ್ಸೀನದಲ್ಲಿ ಎಲೀ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿಯು ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿ, ಮರುದಿನ ಅದರ ಸುತ್ತ ಕಣಗಳು ಮುತ್ತಿದ್ದುದನ್ನು ಕಂಡನು. ಮನುಷ್ಯನಲ್ಲಿ ಅವನ್ನು ಕರೆತರುವ ಅಣುಗಳಲ್ಲೊಂದಾದ ಇಂಟರ್‌ಲ್ಯೂಕಿನ್-8 ಗೊತ್ತಾದುದು 1987ರಲ್ಲಿ.

ಗಾಯದ ಬಳಿಯ ಜೀವಕೋಶಗಳು ಸ್ರವಿಸುವ ಈ ಅಣು ರಕ್ತನಾಳದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಅಲ್ಲಿ ಉರುಳುತ್ತ ಬಂದ ಬಿಳಿಯ ಕಣವು ಅದನ್ನು ತಾಕಿದೊಡನೆ ತನ್ನ ಮೈಮೇಲಿನ ಕೊಕ್ಕೆಗಳನ್ನು ಬಿಗಿಮಾಡಿ ನಿಲ್ಲುತ್ತದೆ. ಗೋಡೆಯ ಸಂದಿನಲ್ಲಿ ನುಸುಳಿ ಹೊರಬರುತ್ತದೆ. ಮುಂದೆ, ಅಣುಗಳು ದಟ್ಟವಾಗಿರುವ ಕಡೆಗೆ ಮೈ ಚಾಚುತ್ತ ಸಾಗುತ್ತದೆ. ತನ್ನ ಮುಂದಿಗೂ ಹಿಂದಿಗೂ ಆ ದಟ್ಟಣೆಯಲ್ಲಿ ನೂರಕ್ಕೆ ಒಂದೆರಡರಷ್ಟು ವ್ಯತ್ಯಾಸವಿದ್ದರೆ ಸಾಕು, ಅದಕ್ಕೆ ದಿಕ್ಕು ತಿಳಿಯುತ್ತದೆ! ಮಿಲಿಮೀಟರಿನ ಶತಾಂಶಕ್ಕಿಂತ ತುಸುವೇ ದೊಡ್ಡದಾದ ಕಣಕ್ಕೆ ಇದೇನು ಸಣ್ಣ ಸಾಮರ್ಥ್ಯವೆ? ಮೊದಲು ತಲಪಿದವು ಲ್ಯೂಕೋಟ್ರೈಯೀನ್ ಎಂಬ ಮತ್ತೊಂದು ದ್ರವ್ಯವನ್ನು ಸೂಸಿ ಹಿಂದಿನವನ್ನು ಕರೆಯುತ್ತವೆ.

ಈ ಕೊಕ್ಕೆಗಳಿಲ್ಲದೆ ಹುಟ್ಟುವ ಮಕ್ಕಳೂ ಅಪೂರ್ವವಾಗಿ ಉಂಟು. ಅವರ ರಕ್ತದಲ್ಲಿ ಬಿಳಿಯ ಕಣಗಳು ಕಿಕ್ಕಿರಿದಿದ್ದರೂ ಹುಣ್ಣಿನಲ್ಲಿ ಕೀವಿಲ್ಲ. ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಲ್ಲದು. ಹೊಕ್ಕುಳಬಳ್ಳಿ ತಿಂಗಳು ಕಳೆದರೂ ಬೀಳದಿದ್ದರೆ ವೈದ್ಯರು ಈ ರೋಗವನ್ನೂ ಶಂಕಿಸಿ ರಕ್ತಪರೀಕ್ಷೆ ಮಾಡಿಸುತ್ತಾರೆ. ರೋಗವು ತೀವ್ರವಾಗಿದ್ದರೆ ಇನ್ನೊಬ್ಬರ ಮೂಳೆಯ ಮಜ್ಜೆಯನ್ನು ಮಗುವಿಗೆ ಕೊಡುವ ಚಿಕಿತ್ಸೆಯುಂಟು.